ಮಳೆ ಬಿದ್ದರೆ ಡ್ರಾ: ದೇವನಕೊಂಡದ ಕಡೆಯ ವಜ್ರದ ಹೊಲಗಳು

ನಮ್ಮ ಕಡೆಯವರಿಗೆ ಲಾಟರಿ ಎಂದರೆ ತಲಪಾಡಿ ದಾಟಿದ ಮೇಲೆ ಕಾಣುವ ಟಿಕೆಟಿನ ಮೇಜು. ಕೇರಳ ಸರಕಾರ ಅದನ್ನು 1967ರಲ್ಲಿ ಆರಂಭಿಸಿತು. ಆಗ ಹಣಕಾಸು ಮಂತ್ರಿ ಪಿ.ಕೆ. ಕುಂಞು ಸಾಹೇಬರು. ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ; ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಟಿಕೆಟೂ ಇಲ್ಲದ, ಸರಕಾರವೂ ನಡೆಸದ ಇನ್ನೊಂದು ಬಗೆಯ ಲಾಟರಿಯನ್ನು ನಾನು ಕಂಡದ್ದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ.

ಡಿಪ್ಲೊಮಾ ಮುಗಿಸಿದ ಮೇಲೆ ಕಲ್ಲಿನ ಕ್ರಷರ್ ಯಂತ್ರಗಳ ರಿಪೇರಿ ನನ್ನ ಕೆಲಸ. ಅದಕ್ಕಾಗಿ ಆದೋನಿಯ ಆಚೆ ದೇವನಕೊಂಡದ ಕಡೆ ಹೋಗುತ್ತಿರುತ್ತೇನೆ. ಮಳೆ ನಂಬಿದ ಒಣ ಸೀಮೆ ಅದು. ಮಳೆ ಕೈಕೊಟ್ಟ ವರ್ಷ ಜನ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಪತ್ತಿಕೊಂಡ ದಾಟಿದರೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರ. ಜೂನಿನಲ್ಲಿ ಮೊದಲ ಮಳೆ ಬಿದ್ದರೆ ಸಾಕು, ಅಲ್ಲಿಯ ಹೊಲಗಳಲ್ಲಿ ಜನ ತಲೆ ತಗ್ಗಿಸಿ ನಡೆಯತೊಡಗುತ್ತಾರೆ. ಹುಡುಕುವುದು ವಜ್ರ. ನಮ್ಮ ಬಳ್ಳಾರಿ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ಕೃಷ್ಣದೇವರಾಯನ ಕಾಲದಲ್ಲಿ ಹೂಳಿಟ್ಟ ನಿಧಿ ಇದು ಎಂದು ಅಲ್ಲಿ ಹೇಳುವವರಿದ್ದಾರೆ. ಕಾರಣ ಅದಕ್ಕಿಂತ ಬಹಳ ಹಳೆಯದು. ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಭೂಮಿಯ ಆಳದಿಂದ ಎದ್ದು ಬಂದ ಕಿಂಬರ್ಲೈಟ್ ಎಂಬ ಶಿಲೆ ಇದೆ. ಇಂಥ ಶಿಲೆ ಸವೆದಾಗ ಅದರೊಳಗಿನ ವಜ್ರ ಜಲ್ಲಿಯಲ್ಲಿ, ಮಣ್ಣಿನಲ್ಲಿ ಸೇರುತ್ತದೆ. ಮಳೆ ಮೇಲ್ಮಣ್ಣು ತೊಳೆದಾಗ ಎಲ್ಲೋ ಒಂದು ಕಲ್ಲು ಮೇಲೆ ಕಾಣುತ್ತದೆ.

ಹಾಗಾದರೆ ಲಾಭ ಯಾರಿಗೆ? ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನೂನಿಜ್ 16ನೇ ಶತಮಾನದಲ್ಲಿ ಬರೆದ ಪ್ರಕಾರ, 20 ಮ್ಯಾಂಜೆಲಿನ್ ತೂಕ ಮೀರಿದ ವಜ್ರವೆಲ್ಲ ಅರಸನಿಗೆ ಸೇರಬೇಕಿತ್ತು. ಮ್ಯಾಂಜೆಲಿನ್ ಎಂದರೆ ನಮ್ಮ ಮಂಜಾಡಿ ಕಾಳಿನ ಹೆಸರಿನಿಂದ ಬಂದ ತೂಕ. 17ನೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ತಾನು ರಾವೋಲ್ಕೊಂಡ ಎಂದು ಕರೆದ ಗಣಿಯಲ್ಲಿ ಕೆಲಸಗಾರನಿಗೆ ವರ್ಷಕ್ಕೆ 3 ಪಗೋಡಾ ಮಾತ್ರ ಸಿಗುತ್ತದೆ ಎಂದು ಬರೆದ. ಅಲ್ಲಿ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಬಿಡದೆ ದರ ಕುದುರಿಸುತ್ತಿದ್ದರು. ನಮ್ಮ ದನದ ಸಂತೆಯಲ್ಲಿ ಟವೆಲಿನಡಿ ನಡೆಯುತ್ತಿದ್ದ ಲೆಕ್ಕವೇ ಅದು. ಕಲ್ಲು ಎತ್ತಿದವನಿಗೆ ಅದರ ಬೆಲೆ ಗೊತ್ತಿಲ್ಲ, ಕೊಳ್ಳುವವನಿಗೆ ಗೊತ್ತು. ಈಗಲೂ ಹೊಲದ ಕಲ್ಲು ಸ್ಥಳೀಯ ವ್ಯಾಪಾರಿಗಳ ಕೈಗೆ ಗುಟ್ಟಾಗಿಯೇ ಹೋಗುತ್ತದೆ. ಮಧ್ಯಪ್ರದೇಶದ ಪನ್ನಾದಲ್ಲಿ ಹಾಗಲ್ಲ. ಸಿಕ್ಕ ವಜ್ರವನ್ನು ಸರಕಾರಿ ವಜ್ರ ಕಚೇರಿಗೆ ಒಪ್ಪಿಸಬೇಕು. ಹರಾಜಾದ ಮೇಲೆ ರಾಜಧನ ಕಳೆದು ಉಳಿದ ಹಣ ಸಿಕ್ಕವನಿಗೇ ಬರುತ್ತದೆ.

ಪತ್ರಿಕೆಯಲ್ಲಿ ವಜ್ರ ಸಿಕ್ಕವನ ಸುದ್ದಿ ಮಾತ್ರ ಬರುತ್ತದೆ. ಬರಿಗೈಯಲ್ಲಿ ಬಸ್ಸು ಹತ್ತಿದವರನ್ನು ಯಾರೂ ಎಣಿಸುವುದಿಲ್ಲ. ಲಾಟರಿಯಲ್ಲಾದರೂ ಒಂದು ಎಣಿಕೆ ಇದೆ: 2024ರ ತಿರುವೋಣಂ ಬಂಪರಿಗೆ 500 ರೂಪಾಯಿಯ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು, 25 ಕೋಟಿಯ ಮೊದಲ ಬಹುಮಾನ ಒಂದೇ. ಅದರಲ್ಲೂ ಏಜೆಂಟನ ಕಮಿಷನ್, ತೆರಿಗೆ ಕಳೆಯಬೇಕು.

ಜೂಜು ನಮ್ಮ ದೀನಿನಲ್ಲಿ ಹರಾಂ. ಲಾಟರಿ ಟಿಕೆಟಿನ ಬಗ್ಗೆ ನಮ್ಮ ಉಸ್ತಾದರು ಹೇಳುವುದೂ ಅದನ್ನೇ. ಹೊಲದಲ್ಲಿ ಒಬ್ಬ ಸೋತ ಹಣ ಇನ್ನೊಬ್ಬನಿಗೆ ಹೋಗುವುದಿಲ್ಲ, ಇಡುವುದು ಬೆವರನ್ನು. ಹಾಗಾಗಿ ಅದು ಜೂಜಲ್ಲ ಎನ್ನುವವರಿದ್ದಾರೆ. ಆ ಹುಕುಂ ಉಸ್ತಾದರಿಗೆ ಬಿಟ್ಟದ್ದು. ನಾನು ಅಂಗಡಿಯವನ ಮಗ, ನನಗೆ ಗೊತ್ತಿರುವುದು ಲೆಕ್ಕ. ಉಪ್ಪ ಉದ್ರಿ ಪುಸ್ತಕ ತೆರೆದಾಗ ಕೇಳುತ್ತಿದ್ದದ್ದು ಒಂದೇ: ಈ ಹಣ ಬಾರದಿದ್ದರೆ ಮನೆಯ ಅಕ್ಕಿ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅದು ವ್ಯಾಪಾರವಲ್ಲ.

ವಜ್ರದ ಹೊಲಕ್ಕೆ ಮೊದಲ ಸಲ ಹೊರಡುವವನಿಗೂ ಇದೇ ಮಾತು. ಸಾಲ ಮಾಡಿ, ಉಮ್ಮನ ಬಳೆ ಅಡವಿಟ್ಟು ಹೋಗಬಾರದು. ಎಷ್ಟು ದಿನ, ಎಷ್ಟು ಖರ್ಚು ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು. ಆ ದಿನ ಮುಗಿದರೆ ಕೈ ಖಾಲಿಯಿದ್ದರೂ ವಾಪಸ್. ಹೊಲ ಯಾರದ್ದೋ ಅವರ ಅನುಮತಿ ಬೇಕು. ಬಿತ್ತಿದ ಹೊಲಕ್ಕೆ ಕಾಲಿಡಬಾರದು, ಅಲ್ಲಿಯ ರೈತನಿಗೆ ಬೀಜವೇ ವಜ್ರ. ಕಲ್ಲು ಸಿಕ್ಕಿದರೆ ಸುತ್ತಿಗೆಯಿಂದ ಹೊಡೆದು ಪರೀಕ್ಷಿಸಬೇಡಿ. ಗಡಸುತನ ಬೇರೆ, ಪೆಟ್ಟು ತಡೆಯುವ ಶಕ್ತಿ ಬೇರೆ. ಗಾಜನ್ನು ಗೀರುವ ವಜ್ರವೂ ಒಂದೇ ಏಟಿಗೆ ಸೀಳಬಹುದು.

ನಮ್ಮ ಹುಡುಗರು ತುಗ್ಗಲಿಗೆ ಹೋಗದೇ ಇರಬಹುದು. ಆದರೆ ಸಂಬಳದ ಮುಂಗಡ ತೆಗೆದು ತಲಪಾಡಿಯಾಚೆ ಟಿಕೆಟಿಗೆ ಹಾಕುವವರು, ಫೋನಿನ ಆಟಕ್ಕೆ ಸುರಿಯುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅಂಥವರನ್ನು ಗದರಿಸುವ ಮೊದಲು ಪಕ್ಕದಲ್ಲಿ ಕೂರಿಸಿ, ಹೋದ ತಿಂಗಳು ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆಸಿ. ಎಷ್ಟೋ ಮಂದಿಗೆ ಆ ಹಾಳೆಯೇ ಸಾಕು.