ಟಾಂಜಾನಿಯದ ಮೇಷ್ಟ್ರು ಮತ್ತು ಅಲ್ಲಿನ ಸಹಕಾರ ಸಂಘಗಳು

ಬೆಳ್ಳಿಹಬ್ಬದ ಈ ಸಂಚಿಕೆಗೆ ಇತಿಹಾಸದ ಒಂದು ಲೇಖನ ಕೊಡಿ ಎಂದು ಸಂಘದವರು ಕೇಳಿದಾಗ ನಾವು ಜೂಲಿಯಸ್ ನೈರೇರೆಯವರ ಹೆಸರು ಹೇಳಿದೆವು. "ಅಲ್ಲಾ ಸ್ವಾಮಿ, ಆಫ್ರಿಕಾದವರಿಗೂ ನಮ್ಮೂರ ಸೊಸೈಟಿಗೂ ಏನು ಸಂಬಂಧ?" ಅಂದರು ನಿರ್ದೇಶಕರೊಬ್ಬರು. ಪ್ರಶ್ನೆ ನ್ಯಾಯವಾದದ್ದೇ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ಇಂಥ ಸಂಚಿಕೆಗಳಲ್ಲಿ ನೀವೆಲ್ಲ ಹತ್ತಾರು ಸಲ ಓದಿದ್ದೀರಿ. ಸಂಘ ಕಟ್ಟಿದ ಕಥೆಯ ಜೊತೆಗೆ ಸಂಘ ಮುಚ್ಚಿದ ಕಥೆಯೂ ಒಂದು ಇರಲಿ ಅಂತ ನಮಗನ್ನಿಸಿತು. ಅದೂ ಸಹಕಾರ ತತ್ತ್ವವನ್ನು ಮನಸಾರೆ ನಂಬಿದ್ದ ರಾಷ್ಟ್ರಪಿತರೊಬ್ಬರ ಕೈಯಿಂದಲೇ ಮುಚ್ಚಿಹೋದ ಕಥೆ.

ನೈರೇರೆಯವರು ಹುಟ್ಟಿದ್ದು 1922ರ ಏಪ್ರಿಲ್ 13ರಂದು, ವಿಕ್ಟೋರಿಯಾ ಸರೋವರಕ್ಕೆ ಹತ್ತಿರದ ಬುಟಿಯಾಮ ಎಂಬ ಹಳ್ಳಿಯಲ್ಲಿ. 2022ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬಿತು. ತಂದೆ ಜನಾಕಿ ಎಂಬ ಸಣ್ಣ ಪಂಗಡದ ಮುಖಂಡರು. ಮನೆಯಲ್ಲಿಟ್ಟ ಹೆಸರು ಕಂಬರಾಗೆ. ಅದು ಆ ಜನರ ಮಳೆ ದೇವತೆಯ ಹೆಸರು. ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಮುಂದೆ ಉಗಾಂಡದ ಮಕೆರೆರೆ ಕಾಲೇಜು, ಆಮೇಲೆ ಎಡಿನ್‌ಬರೋದಲ್ಲಿ ಎಂ.ಎ. ಊರಿಗೆ ಬಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೇ, 1954ರ ಜುಲೈ 7ರಂದು, ಟಾನು ಪಕ್ಷ ಹುಟ್ಟಿತು. ಮರುವರ್ಷ ನೌಕರಿ ಬಿಟ್ಟರು. ಆದರೂ ಜನ 'ಮ್ವಾಲಿಮು' ಎಂದು ಕರೆಯುವುದನ್ನು ಬಿಡಲಿಲ್ಲ. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು ಅಂತ. ನಮ್ಮ ಕಡೆ ಮುಸಲ್ಮಾನ ಬಾಂಧವರು 'ಮುಅಲ್ಲಿಂ' ಅನ್ನುತ್ತಾರಲ್ಲ, ಅದೇ ಅರಬ್ಬಿ ಮೂಲದ ಮಾತು. ರಾಷ್ಟ್ರಪತಿಯಾದ ಮೇಲೆ ಈ ಮೇಷ್ಟ್ರು ಷೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವಾಹಿಲಿಗೆ ತಂದರು.

1961ರ ಡಿಸೆಂಬರ್ 9ರಂದು ಟಾಂಗನ್ಯಿಕಕ್ಕೆ ಸ್ವಾತಂತ್ರ್ಯ ಬಂತು. 1964ರಲ್ಲಿ ಜಾಂಜಿಬಾರ್ ದ್ವೀಪ ಸೇರಿ ಟಾಂಜಾನಿಯ ಆಯಿತು. ಇದೆಲ್ಲ ಶಾಲಾ ಪುಸ್ತಕದ ಮಾತಾಯಿತು. ನಮಗೆ ಬೇಕಾದದ್ದು ರೈತರ ಸಂಗತಿ.

ಕಿಲಿಮಂಜಾರೊ ಬೆಟ್ಟದ ಇಳಿಜಾರಿನಲ್ಲಿ ಚಗ್ಗಾ ಜನ ಬಾಳೆಯ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಕರಿಯರು ಕಾಫಿ ಬೆಳೆಯುವುದೇ ಬಿಳಿ ತೋಟಗಾರರ ಕಣ್ಣು ಕೆಂಪಾಗಿಸಿತ್ತು. ಅವರನ್ನು ಎದುರಿಸಿ ನಿಲ್ಲಲು 1925ರಲ್ಲಿ ಕಟ್ಟಿಕೊಂಡ ಬೆಳೆಗಾರರ ಸಂಘ, 1933ರಲ್ಲಿ ಸಹಕಾರಿ ಯೂನಿಯನ್ ಆಯಿತು. ಸರೋವರದ ಕಡೆ ಹತ್ತಿಯ ಸೀಮೆ. ಅಲ್ಲಿ ಹತ್ತಿ ಕೊಳ್ಳುವವರೂ ಜಿನ್ನಿಂಗ್ ಮಿಲ್ಲಿನ ಮಾಲೀಕರೂ ಹೆಚ್ಚಾಗಿ ನಮ್ಮ ದೇಶದಿಂದಲೇ ಹೋದ ವ್ಯಾಪಾರಸ್ಥರು. ಸಂಕೋಚವಾದರೂ ಇದನ್ನು ಬರೆಯಲೇಬೇಕು. ರೈತರ ದೂರು ಒಂದೇ: ತಕ್ಕಡಿ ಸರಿಯಿಲ್ಲ. ಪಾಲ್ ಬೊಮಾನಿ ಎಂಬ ತರುಣ 1950ರ ಸುಮಾರಿಗೆ ರೈತರನ್ನು ಒಟ್ಟುಗೂಡಿಸಿದರು. ರೈತರ ಕಡೆಯವರೇ ನಿಂತು ತೂಕ ನೋಡುವ ವ್ಯವಸ್ಥೆ ಮಾಡಿಕೊಂಡರು. 1955ರಲ್ಲಿ ಅದು ವಿಕ್ಟೋರಿಯಾ ಸಹಕಾರಿ ಒಕ್ಕೂಟವಾಗಿ ಬೆಳೆಯಿತು. ತೂಕದಲ್ಲಿ ಮೋಸ ಆಗಬಾರದು ಅನ್ನೋ ಹಟದಿಂದ ಹುಟ್ಟಿದ ಸಂಘ ಅದು. ನಮ್ಮಲ್ಲಿ ಮಂಡಿಗೆ ಮಾಲು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಎಲ್ಲ ಕಡೆ ಸಂಘ ಆಗಬೇಕೆಂದು ಅವಸರ ಮಾಡಿತು. ರೈತರು ಕೇಳದ ಕಡೆಗಳಲ್ಲೂ ಸಂಘಗಳೆದ್ದವು. ಲೆಕ್ಕ ಬರೆಯಬಲ್ಲವರು ಸಾಲದೆ, ಬಲ್ಲವರಲ್ಲಿ ಕೆಲವರು ಕೈಚಳಕ ತೋರಿಸಿ, 1966ರಲ್ಲಿ ವಿಚಾರಣಾ ಸಮಿತಿ ಕೂರಿಸುವ ಗತಿ ಬಂತು. ಹಲವು ಯೂನಿಯನ್‌ಗಳನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೂಪರ್‌ಸೀಡ್.

1967ರ ಅರುಷಾ ಘೋಷಣೆಯೊಂದಿಗೆ 'ಉಜಮಾ' ದೇಶದ ನೀತಿಯಾಯಿತು. ಒಂದೇ ಕುಟುಂಬದವರಂತೆ ಕೂಡಿ ದುಡಿಯುವುದು, ಕೂಡಿ ಉಣ್ಣುವುದು ಅದರ ತಾತ್ಪರ್ಯ. ಮಾತು ಬಂಗಾರದಂಥದು. ಮೊದಲು ಒಪ್ಪಿ ಬಂದವರಿಗಷ್ಟೇ ಅಂದಿದ್ದರು. 1973ರಲ್ಲಿ ಎಲ್ಲರೂ ಹೊಸ ಹಳ್ಳಿಗಳಲ್ಲೇ ವಾಸ ಮಾಡಬೇಕೆಂದು ಕಡ್ಡಾಯವಾಯಿತು. ಲಕ್ಷಾಂತರ ಜನರನ್ನು ಇದ್ದಲ್ಲಿಂದ ಎಬ್ಬಿಸಿದರು. ಮತ್ತೆ ಹಿಂತಿರುಗದಂತೆ ಕೆಲವೆಡೆ ಹಳೆಯ ಗುಡಿಸಲು ಕೆಡವಿದರು, ಸುಟ್ಟರು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಆಯಿತು. ಹೊಸ ಹಳ್ಳಿಗಳಲ್ಲಿ ಶಾಲೆ, ಔಷಧಾಲಯ, ಕುಡಿಯುವ ನೀರು ಬಂದದ್ದುಂಟು. ಅಕ್ಷರ ಕಲಿತವರ ಸಂಖ್ಯೆ ಏರಿದ್ದೂ ನಿಜವೇ. ಅದನ್ನು ಮರೆಮಾಚುವುದು ತಪ್ಪಾದೀತು.

ಹೊಸ ಹಳ್ಳಿಯೇ ಒಂದು ಸಹಕಾರ ಸಂಘವೆಂದ ಮೇಲೆ ಹಳೆಯ ಯೂನಿಯನ್‌ಗಳೇಕೆ ಎಂಬ ವಾದ ಹುಟ್ಟಿಕೊಂಡಿತು. 1976ರಲ್ಲಿ ಅವನ್ನೆಲ್ಲ ರದ್ದು ಮಾಡಿದರು. ಕಿಲಿಮಂಜಾರೊದ ಸಂಘವೂ ಹೋಯಿತು, ತಕ್ಕಡಿಗಾಗಿ ಹೋರಾಡಿದವರ ಒಕ್ಕೂಟವೂ ಹೋಯಿತು. ಕಾಫಿಗೊಂದು, ಹತ್ತಿಗೊಂದು, ಗೋಡಂಬಿಗೊಂದು ಎಂದು ಸರ್ಕಾರಿ ಪ್ರಾಧಿಕಾರಗಳು ಬಂದವು. ಅವುಗಳ ಖರ್ಚು ಏರಿತು, ರೈತರಿಗೆ ಹಣದ ಬಟವಾಡೆ ತಡವಾಯಿತು. ಮೊದಲಾದರೆ ಮಹಾಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷರನ್ನೇ ಕೇಳಬಹುದಿತ್ತು. ಈಗ ಯಾರನ್ನು ಕೇಳೋದು? ಕಳ್ಳನಿದ್ದರೂ ಅವನನ್ನು ಇಳಿಸುವ ವೋಟು ಸದಸ್ಯನ ಕೈಯಲ್ಲಿತ್ತು. ರದ್ದಾದದ್ದು ಆ ವೋಟು ಎಂದೇ ನಮ್ಮ ಎಣಿಕೆ.

ನಾವು ನೈರೇರೆಯವರನ್ನು ನೆನೆಯುವುದು ಮುಂದಿನ ಮಾತಿಗಾಗಿ. 1982ರಲ್ಲಿ ಹೊಸ ಕಾನೂನು ತಂದು ಯೂನಿಯನ್‌ಗಳಿಗೆ ಮತ್ತೆ ದಾರಿ ಬಿಟ್ಟರು. 1984ರಲ್ಲಿ, ಇನ್ನೂ ರಾಷ್ಟ್ರಪತಿಯಾಗಿದ್ದಾಗಲೇ, ಸ್ಥಳೀಯ ಆಡಳಿತವನ್ನೂ ಸಹಕಾರ ಸಂಘಗಳನ್ನೂ ರದ್ದುಪಡಿಸಿದ್ದು ತಪ್ಪಾಯಿತು, ತಾಳ್ಮೆಯಿಲ್ಲದೆ, ತಿಳಿವಳಿಕೆ ಸಾಲದೆ ಹಾಗೆ ಮಾಡಿದೆವು ಎಂದು ಸಂದರ್ಶನವೊಂದರಲ್ಲಿ ಬಾಯಿಬಿಟ್ಟು ಹೇಳಿಕೊಂಡರು. ಅಧಿಕಾರದಲ್ಲಿದ್ದವರು ಹೀಗೆ ಹೇಳಿದ್ದನ್ನು ನಾವು ಹೆಚ್ಚು ಕೇಳಿಲ್ಲ. ಮರುವರ್ಷ ತಾವಾಗಿಯೇ ರಾಷ್ಟ್ರಪತಿ ಪದವಿ ಬಿಟ್ಟರು, ಮುಂದೆ ಬುಟಿಯಾಮದಲ್ಲಿ ಬೇಸಾಯಕ್ಕೆ ನಿಂತರು. 1995ರಲ್ಲಿ ನಮ್ಮ ದೇಶ ಗಾಂಧಿ ಶಾಂತಿ ಪ್ರಶಸ್ತಿ ಆರಂಭಿಸಿದಾಗ ಮೊದಲ ಪ್ರಶಸ್ತಿ ಸಂದದ್ದು ಇವರಿಗೆ. 1999ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಹುಟ್ಟಿದೂರಿನಲ್ಲೇ.

ಕಿಲಿಮಂಜಾರೊದ ಕಾಫಿ ಬೆಳೆಗಾರರು ತಮ್ಮ ಯೂನಿಯನ್ನನ್ನು ಮತ್ತೆ ಕಟ್ಟಿಕೊಂಡರು. ಹಳೆಯ ಹೆಸರನ್ನೇ ಇಟ್ಟುಕೊಂಡು, ಅದರ ಪಕ್ಕದಲ್ಲಿ ಕಂಸದೊಳಗೆ 1984 ಎಂದು ಸೇರಿಸಿದರು.