ಮನೆ ಕೊಟ್ಟವರು ಅಂಗಡಿ ಮಾರಿದರು: ಹಾಂಗ್‌ಕಾಂಗ್ ಬಡಾವಣೆಗಳ ಕಥೆ

ಆಶ್ರಯ ಬಡಾವಣೆಗಳ ಸುದ್ದಿ ಮಾಡಲು ಹೋದಾಗಲೆಲ್ಲ ನಮಗೆ ಒಂದು ದೃಶ್ಯ ಸಿಕ್ಕೇ ಸಿಗುತ್ತದೆ. ಹಕ್ಕುಪತ್ರ ಬಂದಿರಲಿ ಬಿಡಲಿ, ನಲ್ಲಿಯಲ್ಲಿ ನೀರು ಬರಲಿ ಬಿಡಲಿ, ಯಾವುದೋ ಒಂದು ಮನೆಯ ಕಿಟಕಿಯಲ್ಲಿ ಶಾಂಪೂ ಪ್ಯಾಕೆಟ್ಟುಗಳ ಸರ ನೇತಾಡುತ್ತಿರುತ್ತದೆ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬ, ಅರ್ಧ ಚೀಲ ಈರುಳ್ಳಿ, ಉದ್ರಿ ಬರೆಯುವ ಪುಸ್ತಕ. ಸರ್ಕಾರದ ನಕ್ಷೆಯಲ್ಲಿ ಆ ಅಂಗಡಿ ಇರುವುದಿಲ್ಲ. ಆದರೆ ಅದಿಲ್ಲದೆ ಅಲ್ಲಿಯವರ ಬೆಳಗು ಆಗುವುದಿಲ್ಲ.

ಬಡವರಿಗೆ ಮನೆ ಕೊಟ್ಟ ಸರ್ಕಾರ ಅಂಗಡಿಯನ್ನೂ ಕೊಡಬೇಕೆ? ಕೊಟ್ಟ ಮೇಲೆ ಅದು ಯಾರ ಕೈಯಲ್ಲಿರಬೇಕು? ಈ ಪ್ರಶ್ನೆ ಹಾಂಗ್‌ಕಾಂಗ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಅಲ್ಲಿಯವರೆಗೆ ಹೇಗೆ ಹೋಯಿತು, ಆಮೇಲೆ ಏನಾಯಿತು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಬೆಂಕಿಯ ನಂತರ

1949ರ ಹೊತ್ತಿಗೆ ಚೀನಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಲಕ್ಷಾಂತರ ಜನ, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್‌ಗೆ ಬಂದರು. ಗುಡ್ಡಗಳ ಮೇಲೆ ಮರ, ತಗಡುಗಳ ಗುಡಿಸಲು ಹಾಕಿಕೊಂಡರು. 1953ರ ಡಿಸೆಂಬರ್ 25ರ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಒಂದೇ ರಾತ್ರಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು.

ಮರುವರ್ಷವೇ ಸರ್ಕಾರ ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಲು ಶುರು ಮಾಡಿತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಒಂದು ಕುಟುಂಬಕ್ಕೆ ಸುಮಾರು 120 ಚದರಡಿ, ಅಂದರೆ ಹತ್ತು ಅಡಿ, ಹನ್ನೆರಡು ಅಡಿಯ ಒಂದೇ ಕೋಣೆ. ನಲ್ಲಿ, ಶೌಚಾಲಯ ಎಲ್ಲರಿಗೂ ಸೇರಿ. ಅಡುಗೆ ಬಾಗಿಲಾಚೆಯ ಮೊಗಸಾಲೆಯಲ್ಲಿ.

ಇಂಥ ಕೋಣೆಯಲ್ಲಿ ವಾರದ ದಿನಸಿ ಎಲ್ಲಿಡುವುದು? ಅವತ್ತಿನ ಸೊಪ್ಪು, ಮೀನು ಅವತ್ತೇ ತರಬೇಕು. ಹಾಗಾಗಿ ಕಟ್ಟಡದ ನೆಲಮಹಡಿಯ ಕೋಣೆಗಳು ಅಂಗಡಿಗಳಾದವು. ಅಕ್ಕಿ ಅಂಗಡಿ, ಕ್ಷೌರದಂಗಡಿ, ಸಣ್ಣ ಕಾರ್ಖಾನೆ ಕೆಳಗೆ, ಮಕ್ಕಳ ಶಾಲೆ ಮೇಲೆ ತಾರಸಿಯಲ್ಲಿ. ಅಂಗಡಿ ಹಾಕಲು ಬಂಡವಾಳ ಇಲ್ಲದವರು ತಳ್ಳುಗಾಡಿ ತಂದು ಕಟ್ಟಡಗಳ ನಡುವೆ ನಿಂತರು. ಆ ಕಾಲದ ಕಟ್ಟಡಗಳಲ್ಲಿ ಮೇ ಹೋ ಹೌಸ್ ಎಂಬುದೊಂದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಈಗ ಅಲ್ಲಿ ಪ್ರವಾಸಿಗರ ಹಾಸ್ಟೆಲ್ ಮತ್ತು ಒಂದು ಸಣ್ಣ ಮ್ಯೂಸಿಯಂ ಇದೆ.

ಅಂಗಡಿಯೂ ನಕ್ಷೆಗೆ ಬಂತು

ಮುಂದಿನ ಬಡಾವಣೆಗಳಲ್ಲಿ ಅಂಗಡಿಯನ್ನು ಮೊದಲೇ ಲೆಕ್ಕ ಹಾಕಿ ಕಟ್ಟಿದರು. 1967ರಲ್ಲಿ ಜನ ಬಂದು ನೆಲೆಸಿದ ವಾ ಫು ಬಡಾವಣೆ ಊರಾಚೆ, ಸಮುದ್ರದ ದಂಡೆಯಲ್ಲಿತ್ತು. ಪೇಟೆ ದೂರ. ಆದ್ದರಿಂದ ಅಂಗಡಿ ಸಾಲು, ಮಾರುಕಟ್ಟೆ, ಶಾಲೆ, ಬಸ್ ನಿಲ್ದಾಣ ಎಲ್ಲವನ್ನೂ ಬಡಾವಣೆಯೊಳಗೇ ಇಟ್ಟರು. 1972ರಲ್ಲಿ ಗವರ್ನರ್ ಮೆಕ್‌ಲೆಹೋಸ್ ಹತ್ತು ವರ್ಷಗಳಲ್ಲಿ 18 ಲಕ್ಷ ಜನರಿಗೆ ಮನೆ ಎಂಬ ಯೋಜನೆ ಪ್ರಕಟಿಸಿದರು. ಮರುವರ್ಷ ವಸತಿ ಪ್ರಾಧಿಕಾರವನ್ನು ಹೊಸದಾಗಿ ಕಟ್ಟಲಾಯಿತು. ಶಾ ಟಿನ್‌ನಂಥ ಹೊಸ ಪಟ್ಟಣಗಳು ಎದ್ದವು.

ತಳ್ಳುಗಾಡಿಯವರನ್ನು ಬರೀ ಓಡಿಸಿದರೆ ಜನ ಊಟಕ್ಕೆ ಎಲ್ಲಿ ಹೋಗಬೇಕು? ಪ್ರಾಧಿಕಾರ ಬಡಾವಣೆಗಳಲ್ಲಿ ಸಣ್ಣ ಮಂಟಪಗಳನ್ನು ಕಟ್ಟಿ, ಬಿಸಿ ಊಟ ಮಾರುವವರನ್ನು ಅಲ್ಲಿ ಕೂರಿಸಿತು. ಛಾವಣಿ ಅಣಬೆಯಂತೆ ಕಾಣುತ್ತಿದ್ದರಿಂದ ಜನ ಅದಕ್ಕೆ ‘ಅಣಬೆ ಮಂಟಪ’ ಎಂದೇ ಹೆಸರಿಟ್ಟರು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಅಲ್ಲಿ ಗಂಜಿ, ನೂಡಲ್ಸ್ ಸಿಗುತ್ತಿತ್ತು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಮನೆಗೂ ಅಂಗಡಿಗೂ ಮಾಲೀಕ ಒಬ್ಬನೇ, ವಸತಿ ಪ್ರಾಧಿಕಾರ. ಅಂಗಡಿ ಮತ್ತು ಪಾರ್ಕಿಂಗ್‌ನಿಂದ ಬಂದ ಲಾಭ, ಮನೆ ಬಾಡಿಗೆಯನ್ನು ಕಡಿಮೆ ಇಡಲು ನೆರವಾಗುತ್ತಿತ್ತು. ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ.

ಮಾರಾಟ

1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನಲ್ಲಿ ಹಾಂಗ್‌ಕಾಂಗ್‌ನ ಆಸ್ತಿ ಬೆಲೆ ಕುಸಿಯಿತು. ಮಧ್ಯಮ ಆದಾಯದವರಿಗೆ ಕಡಿಮೆ ಬೆಲೆಗೆ ಮನೆ ಕಟ್ಟಿ ಮಾರುವ ಯೋಜನೆಯನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಪ್ರಾಧಿಕಾರದ ಆದಾಯದ ದೊಡ್ಡ ಮೂಲವೇ ಅದು. ಬೊಕ್ಕಸ ತುಂಬಿಸಲು ಕಂಡ ದಾರಿ, ಬಡಾವಣೆಗಳ ಅಂಗಡಿ ಮತ್ತು ಪಾರ್ಕಿಂಗ್ ಮಾರುವುದು.

ಒಟ್ಟು 180 ಅಂಗಡಿ ಸಂಕೀರ್ಣ ಮತ್ತು ಪಾರ್ಕಿಂಗ್ ತಾಣಗಳನ್ನು ‘ದಿ ಲಿಂಕ್’ ಎಂಬ ಟ್ರಸ್ಟ್‌ಗೆ ವಹಿಸಿ, ಅದನ್ನು ಷೇರುಪೇಟೆಗೆ ತರುವುದು ಯೋಜನೆ. ಇಂಥ ಟ್ರಸ್ಟ್ ಕಟ್ಟಡಗಳ ಬಾಡಿಗೆ ಎತ್ತಿ, ಲಾಭವನ್ನು ಹಣ ಹೂಡಿದವರಿಗೆ ಹಂಚುತ್ತದೆ. 2004ರ ಡಿಸೆಂಬರ್‌ನಲ್ಲಿ ಷೇರು ಬರಬೇಕಿತ್ತು. ಅಷ್ಟರಲ್ಲಿ ಬಡಾವಣೆಯ ಬಾಡಿಗೆದಾರರೇ ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಒಬ್ಬರು ಸರ್ಕಾರಿ ಕಾನೂನು ನೆರವು ಪಡೆದ ವೃದ್ಧೆ. ಮನೆಯ ಜತೆ ಅದಕ್ಕೆ ಬೇಕಾದ ಸೌಕರ್ಯ ಒದಗಿಸುವುದು ಪ್ರಾಧಿಕಾರದ ಕರ್ತವ್ಯ ಎಂದು ಕಾನೂನು ಹೇಳುತ್ತದೆ, ಅದನ್ನು ಮಾರುವಂತಿಲ್ಲ ಎಂಬುದು ವಾದ. ಷೇರು ಬಿಡುಗಡೆ ನಿಂತಿತು.

2005ರ ಜುಲೈನಲ್ಲಿ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. ಸೌಕರ್ಯ ಸಿಗುವಂತೆ ನೋಡಿಕೊಂಡರೆ ಸಾಕು, ಅದರ ಮಾಲೀಕತ್ವ ಪ್ರಾಧಿಕಾರದ್ದೇ ಆಗಿರಬೇಕಿಲ್ಲ ಎಂದಿತು. ಅದೇ ನವೆಂಬರ್‌ನಲ್ಲಿ ಲಿಂಕ್ ಷೇರುಪೇಟೆಗೆ ಬಂತು; ಅದರ ಷೇರು ಬಿಡುಗಡೆ, ಆ ಬಗೆಯ ಟ್ರಸ್ಟ್‌ಗಳ ಷೇರು ಬಿಡುಗಡೆಗಳಲ್ಲಿ ಅದುವರೆಗೆ ಜಗತ್ತಿನಲ್ಲೇ ದೊಡ್ಡದು ಎನಿಸಿತು.

ಆಮೇಲೆ

ಹೊಸ ಮಾಲೀಕರಿಂದ ಒಳ್ಳೆಯದೇನೂ ಆಗಲಿಲ್ಲ ಎನ್ನುವಂತಿಲ್ಲ. ಹಳೆಯ ಸಂಕೀರ್ಣಗಳು ದುರಸ್ತಿಯಾದವು. ಕೊಚ್ಚೆ ನಿಲ್ಲುತ್ತಿದ್ದ ಮೀನು ಮಾರುಕಟ್ಟೆಗಳಿಗೆ ಏರ್‌ಕಂಡೀಷನ್ ಬಂತು. ಆದರೆ ದುರಸ್ತಿಯ ಬೆನ್ನಿಗೇ ಬಾಡಿಗೆ ಏರಿತು. ದಶಕಗಳ ಹಳೆಯ ದಿನಸಿ ಅಂಗಡಿ, ಗಂಜಿ ಅಂಗಡಿಗಳ ಜಾಗದಲ್ಲಿ ದೊಡ್ಡ ಕಂಪನಿಗಳ ಸೂಪರ್ ಮಾರ್ಕೆಟ್, ಔಷಧಿ ಮಳಿಗೆ ಬಂದವು. ಎಲ್ಲ ಬಡಾವಣೆಗಳಲ್ಲೂ ಅವೇ ಬೋರ್ಡು. ‘ಮಾರಿದ್ದನ್ನು ಸರ್ಕಾರ ವಾಪಸ್ ಕೊಳ್ಳಲಿ’ ಎಂಬ ಕೂಗು ಶಾಸನಸಭೆಯಲ್ಲೂ ಎದ್ದಿತು. 2014ರಿಂದ ಲಿಂಕ್ ತಾನೇ ಕೆಲವು ಸಂಕೀರ್ಣಗಳನ್ನು ಬೇರೆ ಹೂಡಿಕೆದಾರರಿಗೆ ಮಾರತೊಡಗಿತು. ಹೀಗೆ ಅಂಗಡಿಗಳು ಪ್ರಾಧಿಕಾರದಿಂದ ಇನ್ನೂ ಒಂದು ಕೈ ದೂರವಾದವು.

ಹಿಂದೆ ಮೀನಿನ ಹೊಂಡಗಳಿದ್ದ ಜಾಗದಲ್ಲಿ ಎದ್ದ ಟಿನ್ ಶುಯಿ ವೈ ಪಟ್ಟಣದ ಜನ ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ನಸುಕಿನಲ್ಲಿ ಕಾಲುವೆ ಬದಿ ಗೋಣಿ ಹಾಸಿ ಸೊಪ್ಪು, ಹಳೆ ಬಟ್ಟೆ, ಪಾತ್ರೆ ಮಾರುವ ಸಂತೆ ಶುರುವಾಯಿತು. ಅಧಿಕಾರಿಗಳು ಬರುವ ಮೊದಲೇ ಎತ್ತಿಬಿಡುವುದು. ಕೊನೆಗೆ 2013ರಲ್ಲಿ ಸರ್ಕಾರವೇ ಅಲ್ಲೊಂದು ಬಯಲು ಬಜಾರು ತೆರೆಯಬೇಕಾಯಿತು. ಬೆಂಕಿ ಬಿದ್ದು 60 ವರ್ಷ ಕಳೆದ ಮೇಲೂ ಬಡಾವಣೆಯ ವ್ಯಾಪಾರ ಮತ್ತೆ ನೆಲದ ಮೇಲಿನ ಗೋಣಿಗೇ ಬಂದಿತ್ತು.

ಮಾರುವುದಕ್ಕೂ ಬೇರೆ ದಾರಿಗಳಿವೆ. ಸಿಂಗಪುರದ ವಸತಿ ಮಂಡಳಿ 1990ರ ದಶಕದಲ್ಲಿ ತನ್ನ ಬಡಾವಣೆಗಳ ಸಾವಿರಾರು ಅಂಗಡಿಗಳನ್ನು, ಅವುಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಬಾಡಿಗೆದಾರರಿಗೇ ಮಾರಿತು. ಹಾಂಗ್‌ಕಾಂಗ್‌ನಲ್ಲಿ ಎಲ್ಲವೂ ಒಂದೇ ಗಂಟಾಗಿ ಹೋಯಿತು. ಇಲ್ಲಿ ಅಂಗಡಿಯಾತನೇ ಮಾಲೀಕನಾದ. ಆದರೆ ಅವನು ಮುಂದೆ ಮಾರಿದರೆ ಅಥವಾ ಬಾಡಿಗೆಗೆ ಕೊಟ್ಟರೆ, ಆ ದರ ಮಂಡಳಿಯ ಕೈಯಲ್ಲಿ ಉಳಿಯಲಿಲ್ಲ.

ನಮ್ಮ ಕಡೆ ಪಟ್ಟಣ ಪಂಚಾಯಿತಿ ಮಳಿಗೆಗಳ ಹರಾಜಿನ ಸುದ್ದಿ ಬರೆಯುವಾಗ, ಎಷ್ಟು ಲಕ್ಷಕ್ಕೆ ಹೋಯಿತು ಎಂಬುದನ್ನೇ ನಾವು ತಲೆಬರಹ ಮಾಡುತ್ತೇವೆ. ಹಾಂಗ್‌ಕಾಂಗ್‌ನ ಕಥೆ ಓದಿದ ಮೇಲೆ ಅದರ ಕೆಳಗೆ ಇನ್ನೂ ಎರಡು ಸಾಲು ಬರೆಯಬೇಕು ಅನ್ನಿಸುತ್ತಿದೆ: ಮೊದಲು ಅಲ್ಲಿ ಯಾರ ಅಂಗಡಿ ಇತ್ತು, ಇನ್ನು ಮೇಲೆ ಅರ್ಧ ಕೆಜಿ ಈರುಳ್ಳಿಗೆ ಜನ ಎಷ್ಟು ದೂರ ನಡೆಯಬೇಕು. ನಿಮ್ಮೂರಿನಲ್ಲಿ ಹೊಸ ಬಡಾವಣೆಯ ನಕ್ಷೆ ಗ್ರಾಮಸಭೆಗೆ ಬಂದರೆ ನೀವೂ ಕೇಳಿ. ಮನೆಗಳ ಸಂಖ್ಯೆ ಅವರೇ ಓದಿ ಹೇಳುತ್ತಾರೆ. ಅಂಗಡಿಗೆ ಜಾಗ ಎಲ್ಲಿ, ಅದರ ಬಾಡಿಗೆ ಗೊತ್ತುಮಾಡುವವರು ಯಾರು ಎಂಬುದನ್ನು ನಾವೇ ಕೇಳಬೇಕು.