‘ಬೇಡ’ಕ್ಕೆ ಹೆದರಿ ಬೇಡದೇ ಉಳಿದವರು

ಊಟದ ಪಂಕ್ತಿಯಲ್ಲಿ ‘ಬೇಡ’ ಎಂಬ ಮಾತಿಗೆ ಬೆಲೆಯೇ ಇಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಬೇಡ, ಬೇಡ’ ಅಂದರೂ ಬೆರಳ ಸಂದಿಯಲ್ಲೇ ಒಂದು ಹೋಳಿಗೆ ಜಾರಿ ಎಲೆಗೆ ಬಿದ್ದಿರುತ್ತದೆ. ಹಿಂದೆಯೇ ತುಪ್ಪದ ಮಿಳ್ಳೆ ಹಿಡಿದವರು ಬಂದು ನಿಂತಿರುತ್ತಾರೆ. ಬಡಿಸುವವರು ಮೊದಲ ಬೇಡವನ್ನು ಸಂಕೋಚ ಎಂದುಕೊಳ್ಳುತ್ತಾರೆ, ಎರಡನೆಯದನ್ನು ಮರ್ಯಾದೆ ಎಂದುಕೊಳ್ಳುತ್ತಾರೆ. ಸಂತೆಯಲ್ಲಿ ಈ ಮಾತಿನ ವರಸೆಯೇ ಬೇರೆ. ಬದನೆಕಾಯಿ ಕೆಳಗಿಟ್ಟು ‘ಬೇಡ ಬಿಡಮ್ಮ’ ಎಂದು ಎರಡು ಹೆಜ್ಜೆ ಮುಂದಿಟ್ಟರೆ ವ್ಯಾಪಾರ ಶುರುವಾಯಿತು ಎಂದೇ ಅರ್ಥ. ‘ಬನ್ನಿ ಅಕ್ಕ, ನೀವೆಷ್ಟು ಕೊಡ್ತೀರಿ ಹೇಳಿ’ ಎಂಬ ಕೂಗು ಬೆನ್ನ ಹಿಂದೆ ಬಂದೇ ಬರುತ್ತದೆ. ನಿಜವಾಗಿ ಹೊರಟೇಹೋದರೂ ಮಾರುವ ಹೆಂಗಸು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅಷ್ಟರಲ್ಲಿ ಮುಂದಿನ ಗಿರಾಕಿಯನ್ನು ಕರೆಯುತ್ತಿರುತ್ತಾಳೆ.

ಇದೇ ಎರಡಕ್ಷರ ಬೇರೆ ಕಡೆ ಜನರ ಬಾಯಿ ಕಟ್ಟಿಹಾಕುತ್ತದೆ. ಕಥೆ ಬರೆದು ಯಾವ ಪತ್ರಿಕೆಗೂ ಕಳಿಸದೆ ಕಪಾಟಿನಲ್ಲಿಟ್ಟವರು, ಹತ್ತು ವರ್ಷ ದುಡಿದೂ ಸಂಬಳ ಹೆಚ್ಚಿಸಿ ಎಂದು ಕೇಳಲಾರದವರು, ಮನಸ್ಸಿನಲ್ಲಿದ್ದುದನ್ನು ಹೇಳದೆ ಅವಳ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಇವರಿಗೆ ಯಾರೂ ಬೇಡ ಅಂದಿಲ್ಲ. ಅಂದಾರು ಎಂಬ ಹೆದರಿಕೆಗೇ ಇವರು ಕೇಳಲಿಲ್ಲ.

ವಿಚಿತ್ರವೆಂದರೆ, ಕೇಳುವುದಕ್ಕೂ ಬೇಡ ಎನ್ನುವುದಕ್ಕೂ ಕನ್ನಡದಲ್ಲಿ ರಕ್ತಸಂಬಂಧವಿದೆ. ಬೇಡು ಎಂದರೆ ಕೇಳಿಕೋ; ಬೇಡ ಎಂದರೆ ಒಲ್ಲೆ. ಬೇಕು, ಬೇಡ, ಬೇಡು, ಜೊತೆಗೆ ಹಳಗನ್ನಡದಲ್ಲಿ ಪ್ರಣಯಕ್ಕಿದ್ದ ಹೆಸರಾದ ಬೇಟ, ಎಲ್ಲವೂ ಬಯಕೆಯ ಅರ್ಥದ ಒಂದೇ ಬುಡದಿಂದ ಒಡೆದ ಮಾತುಗಳು. ತಮಿಳಿನ ವೇಂಡುಂ, ವೇಂಡಾಂ ಇದೇ ಬಳಗದವು. ಬೇಡವನ್ನು ದೂರವಿಟ್ಟು ಬರೀ ಬೇಕನ್ನು ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ನಮ್ಮ ನುಡಿ ಅವಕಾಶವನ್ನೇ ಕೊಟ್ಟಿಲ್ಲ.

ಧಾರವಾಡದ ಕಡೆ ಚಹಾ ಕೊಟ್ಟರೆ ‘ಒಲ್ಲೆ’ ಎನ್ನುತ್ತಾರೆ. ಅದೂ ಒಲವಿನ ಮನೆಯದೇ ಮಾತು. ಆದರೆ ಒಲ್ಲೆ ಎನ್ನುವಾಗ ‘ನಾನು’ ಅದರೊಳಗೇ ಕೂತಿರುತ್ತದೆ. ಅವನು ಒಲ್ಲ, ಅವಳು ಒಲ್ಲಳು ಎಂದು ಆಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಬೇಡ ಹಾಗಲ್ಲ. ಅದಕ್ಕೆ ಲಿಂಗವಿಲ್ಲ, ವಚನವಿಲ್ಲ. ಯಾರ ಬಾಯಲ್ಲೂ ಅದು ಬೇಡವೇ. ಯಾರಿಗೆ ಬೇಡ ಎಂಬುದನ್ನು ಮಾತ್ರ ಪಕ್ಕದಲ್ಲಿ ಹೇಳಬೇಕು: ನನಗೆ ಬೇಡ, ಅವರಿಗೆ ಬೇಡ. ಈ ‘ಗೆ’ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೇಡ ಎಂದವರು ತಮ್ಮ ಅಗತ್ಯವನ್ನು ಹೇಳುತ್ತಿದ್ದಾರೆ, ತಂದವರ ಯೋಗ್ಯತೆಯನ್ನಲ್ಲ. ಆ ‘ನನಗೆ’ಯನ್ನು ಕಿವಿಗೆ ಹಾಕಿಕೊಳ್ಳದೆ ಬರೀ ‘ಬೇಡ’ವನ್ನು ಕೇಳಿಸಿಕೊಂಡು ಬಂದಾಗಲೇ ರಾತ್ರಿಯ ನಿದ್ದೆ ಕೆಡುತ್ತದೆ.

ನಿದ್ದೆ ಕೆಡುವುದು ದೌರ್ಬಲ್ಯವಲ್ಲ ಎಂಬುದನ್ನೂ ಹೇಳಬೇಕು. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಸಣ್ಣ ಆಟ. ಆಟದ ನಡುವೆ ಒಬ್ಬರಿಗೆ ಚೆಂಡು ಬರುವುದೇ ನಿಂತುಹೋಗುತ್ತದೆ. ಹಾಗೆ ಹೊರಗುಳಿದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರೆ, ಮೈಗೆ ಪೆಟ್ಟಾದಾಗ ಚುರುಕಾಗುವ ಭಾಗವೊಂದು ಚುರುಕಾಗಿತ್ತು. ನೋವು ಎಂಬ ಒಂದೇ ಪದವನ್ನು ನಾವು ಮೈಗೂ ಮನಸ್ಸಿಗೂ ಬಳಸುತ್ತ ಬಂದಿರುವುದು ಬರೀ ಮಾತಿಗಲ್ಲ.

ಈ ನೋವನ್ನು ನುಂಗಿ ‘ಯಾಕೆ ಬೇಡ?’ ಎಂದು ಕೇಳಿದವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಕಮಲಾ ಭಾಗವತ್. ಮದುವೆಯಾದ ಮೇಲೆ ಕಮಲಾ ಸೊಹೋನಿ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದ ಈ ಹುಡುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದವರು. ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್, ನೊಬೆಲ್ ಬಂದು ಮೂರು ವರ್ಷವಾಗಿತ್ತು. ಅರ್ಜಿ ತಿರಸ್ಕೃತವಾಯಿತು. ಹೆಣ್ಣು ಎಂಬುದಷ್ಟೇ ಕಾರಣ.

ಕಮಲಾ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿಗೇ ಬಂದು, ರಾಮನ್ನರ ಎದುರು ನಿಂತು ಕಾರಣ ಕೇಳಿದರು. ಅಷ್ಟು ದೊಡ್ಡ ವಿಜ್ಞಾನಿ ಬೇಡ ಎಂದಮೇಲೆ ನನ್ನಲ್ಲೇ ಏನೋ ಕೊರತೆಯಿದೆ ಎಂದು ಇಪ್ಪತ್ತೆರಡರ ಹುಡುಗಿ ಅಂದುಕೊಂಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಹಾಗೆ ಅಂದುಕೊಳ್ಳಲಿಲ್ಲ. ಕೊನೆಗೆ ರಾಮನ್ ಒಪ್ಪಿದರು, ಷರತ್ತು ಹಾಕಿ: ಒಂದು ವರ್ಷ ಪರೀಕ್ಷಾರ್ಥ, ಕೆಲಸದ ಗುಣಮಟ್ಟ ತಮಗೆ ಒಪ್ಪಿಗೆಯಾಗುವವರೆಗೆ ಮಾನ್ಯತೆ ಇಲ್ಲ, ಗಂಡುಮಕ್ಕಳ ಗಮನ ಕೆಡಿಸಬಾರದು. ಅವಮಾನವೇ ಅದು. ಕಮಲಾ ವಯಸ್ಸಾದ ಮೇಲೂ ಅದನ್ನು ಮರೆತಿರಲಿಲ್ಲ. ಆದರೆ ಅದೇ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲಿನ, ಬೇಳೆಕಾಳಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌.ಡಿ. ಪಡೆದರು. ಅವರ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಎಲ್ಲ ಬೇಡಕ್ಕೂ ‘ಯಾಕೆ’ ಎಂದು ಕೇಳುವಂತಿಲ್ಲ. ಇಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ. ಪಂಕ್ತಿಯಲ್ಲಿ ಕಲಿತ, ಮೊದಲ ಬೇಡವನ್ನು ನಂಬದಿರುವ ಅಭ್ಯಾಸವನ್ನು ಹುಡುಗರು ಪ್ರೀತಿಗೂ ತಂದಿದ್ದಾರೆ. ಅವಳು ಬೇಡ ಎಂದರೆ ಇನ್ನೂ ನಾಲ್ಕು ದಿನ ಹಿಂದೆ ಬೀಳಬೇಕು ಎಂಬುದನ್ನು ನಮ್ಮ ಸಿನಿಮಾಗಳು ಹಾಡು ಕಟ್ಟಿ ತೋರಿಸಿವೆ. ಉದ್ಯೋಗ, ಓದು, ಹಕ್ಕುಗಳ ಮಾತಿನಲ್ಲಿ ಕಾರಣ ಕೇಳಬಹುದು, ಕೇಳಲೇಬೇಕು. ಒಬ್ಬರ ಮನಸ್ಸಿನ ಮಾತಿನಲ್ಲಿ ಬೇಡ ಎಂದರೆ ಬೇಡವೇ. ಅದಕ್ಕೆ ಕಾರಣ ಕೊಡುವ ಋಣ ಯಾರಿಗೂ ಇಲ್ಲ. ಒಮ್ಮೆ ಕೇಳಿ, ಉತ್ತರ ಪಡೆದು, ಗೌರವದಿಂದ ಹಿಂದೆ ಸರಿದವನು ಹೆದರಿಕೆಯನ್ನು ನಿಜವಾಗಿ ಗೆದ್ದವನು. ಬೆನ್ನುಬಿದ್ದವನಲ್ಲ ಧೈರ್ಯಶಾಲಿ, ಅವನು ಆ ಮಾತನ್ನು ಕೇಳಿಸಿಕೊಳ್ಳಲಾರದವನು.

ಇನ್ನೊಂದು ಕಡೆ, ಬೇಡ ಎಂದು ಬಾಯಿಬಿಟ್ಟು ಹೇಳದ ನಮ್ಮ ಸೌಜನ್ಯವೂ ಈ ಹೆದರಿಕೆಗೆ ನೀರೆರೆದಿದೆ. ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂಬ ಮಾತನ್ನು ಹಳೆಯ ತಲೆಮಾರಿನ ಹೆಣ್ಣುಮಕ್ಕಳ ಮುಂದೆ ಆಡಿನೋಡಿ. ಉಪ್ಪಿಟ್ಟು, ಕೇಸರಿಬಾತು ತಿಂದು, ಒಂದು ಹಾಡು ಹೇಳಿಸಿ, ಗಂಡಿನ ಕಡೆಯವರು ಹೊಸಿಲು ದಾಟುವಾಗ ಆಡುತ್ತಿದ್ದ ಮಾತು ಅದು. ಕಾಗದ ಬರುತ್ತಿರಲಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಅಪ್ಪ ಜಗಲಿಗೆ ಬರುವುದು, ಮಗಳು ಒಳಗಿನಿಂದ ಕಿವಿಗೊಡುವುದು ವಾರಗಟ್ಟಲೆ ನಡೆಯುತ್ತಿತ್ತು. ಬಂದರೂ ‘ಜಾತಕ ಕೂಡಿಬರಲಿಲ್ಲ’ ಎಂಬ ಒಂದು ಸಾಲು. ಬಣ್ಣವೋ, ವರದಕ್ಷಿಣೆಯೋ, ಹಾಡಿದ ರಾಗವೋ, ಯಾವುದು ಬೇಡವಾಯಿತು ಎಂದು ತಿಳಿಯದ ಹುಡುಗಿ ತಾನೇ ಬೇಡವಾದೆ ಎಂದುಕೊಳ್ಳುತ್ತಿದ್ದಳು.

ಈಗ ಕಾಗದದ ಜಾಗಕ್ಕೆ ‘ನೋಡೋಣ’ ಬಂದಿದೆ, ‘ಎಚ್‌ಆರ್‌ನವರು ಫೋನ್ ಮಾಡ್ತಾರೆ’ ಬಂದಿದೆ, ನೀಲಿ ಟಿಕ್ ಬಿದ್ದು ಉತ್ತರವಿಲ್ಲದ ವಾಟ್ಸಾಪ್ ಬಂದಿದೆ. ಸ್ಪಷ್ಟವಾದ ಬೇಡ ಒಂದು ಸಂಜೆ ನೋಯಿಸುತ್ತದೆ. ಹೇಳದೆ ಉಳಿದ ಬೇಡ ಆ ಮನುಷ್ಯ ಇನ್ನೊಂದು ಬಾಗಿಲು ತಟ್ಟದಂತೆ ಮಾಡುತ್ತದೆ. ಎರಡನೆಯದೇ ಕ್ರೂರ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಂದಹಾಗೆ, ಈ ಪದ ಬರೀ ತಳ್ಳುವ ಕೆಲಸಕ್ಕೆ ಹುಟ್ಟಿದ್ದಲ್ಲ. ಕ್ರಿಯಾಪದದ ಬಾಲಕ್ಕೆ ಸೇರಿದಾಗ ಅದರ ದನಿಯೇ ಬದಲಾಗುತ್ತದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಏಳು ಬೇಡಗಳ ಮೇಲೆ ನಿಂತಿದೆ; ಅವು ಯಾರನ್ನೂ ಹೊರಗಿಡುವುದಿಲ್ಲ, ಬದುಕುವ ದಾರಿ ತೋರಿಸುತ್ತವೆ. ಜ್ವರ ಬಂದ ಮಗುವಿನ ತಲೆ ಸವರುತ್ತ ತಾಯಿ ಹೇಳುವ ಅಳಬೇಡ, ಪರೀಕ್ಷೆಗೆ ಹೊರಟ ತಂಗಿಗೆ ಅಣ್ಣ ಹೇಳುವ ಹೆದರಬೇಡ, ಅಲ್ಲೆಲ್ಲ ಇರುವುದೂ ಇದೇ ಬೇಡ.

ಕೇಳಬೇಕಾದವರಿಗೆ ನನ್ನ ಮಾತು ಇಷ್ಟೇ: ಕೇಳಿ. ಉತ್ತರ ಕೊಡಬೇಕಾದ ಜಾಗದಲ್ಲಿ ಕೂತವರಲ್ಲಿ ಇನ್ನೂ ಹೆಚ್ಚಿನ ಬಿನ್ನಹವಿದೆ. ನಿಮ್ಮ ಮೇಜಿನ ಮೇಲೆ ಯಾರದೋ ಅರ್ಜಿಯಿದೆ, ಯಾರದೋ ಕಥೆಯಿದೆ, ನಿಮ್ಮ ಫೋನಿನಲ್ಲಿ ಹೆಣ್ಣು ಕೊಡುವವರ ಸಂದೇಶವೊಂದು ಉತ್ತರವಿಲ್ಲದೆ ಉಳಿದಿದೆ. ಆಗುವುದಿಲ್ಲ ಎಂದು ನಿಮಗೆ ಆಗಲೇ ಗೊತ್ತಿದ್ದರೆ ಈ ವಾರದೊಳಗೆ ಹೇಳಿಬಿಡಿ, ಅರ್ಜಿಗೂ ಕಥೆಗೂ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆಯಿರಿ. ಅವರು ಬೇರೆ ಕಡೆ ಕೇಳಲು ಹೊರಡಬೇಕಾಗಿದೆ.